ವಾರಸುದಾರರಿಲ್ಲದ ‘ಸಿ’

ಡಿಸೆಂಬರ್ ಹನ್ನೆರಡನೇ ತಾರೀಕು ಹುಟ್ಟಿದ ಮಗುವಿಗೆ ಹೆಸರು ಹುಡುಕುವ ಕಷ್ಟ ನಮ್ಮ ಕಣಿವೆಯ ಮೆಕ್ಸಿಕನ್ ಮನೆಗಳಲ್ಲಿ ಯಾರಿಗೂ ಇಲ್ಲ. ಅಂದು ಗ್ವಾದಲೂಪೆ ಮಾತೆಯ ಹಬ್ಬ. ಹುಟ್ಟಿದ್ದು ಹೆಣ್ಣಾದರೆ ಗ್ವಾದಲೂಪೆ, ಗಂಡಾದರೂ ಗ್ವಾದಲೂಪೆ. ಓಲ್ಮೋಸ್ ಮನೆತನಕ್ಕೆ ಮಾತೆ ಎರಡು ಸಲ ಕೃಪೆ ತೋರಿದ್ದಳು. ಮೊದಲು ಅಪ್ಪ ಹುಟ್ಟಿದ. ಮೂವತ್ತು ವರ್ಷ ಕಳೆದು ಅದೇ ದಿನ ಮಗಳು ಹುಟ್ಟಿದಳು. ಅಪ್ಪನನ್ನು ಲೂಪೆ, ಮಗಳನ್ನು ಲುಪೀತಾ ಎಂದು ಕರೆದು ಮನೆಯವರು ಹೇಗೋ ಹೊಂದಿಸಿಕೊಂಡರು. ಆದರೆ ಕಾಗದಪತ್ರಗಳಿಗೆ ಮುದ್ದಿನ ಹೆಸರು ತಿಳಿಯುವುದಿಲ್ಲ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದತೊಡಗಿದ ದಿನದಿಂದ ತಾಪತ್ರಯ ಶುರುವಾಯಿತು.

ಕಾಲೇಜಿನ ಕಡತದಲ್ಲಿ ಇಬ್ಬರೂ ‘ಓಲ್ಮೋಸ್, ಗ್ವಾದಲೂಪೆ’. ಮಗಳು ಲೈಬ್ರರಿಗೆ ಹಿಂತಿರುಗಿಸದ ಪುಸ್ತಕಕ್ಕೆ ಅಪ್ಪನಿಗೆ ನೋಟೀಸು ಬಂತು. ಹೆಂಗಸರ ಫುಟ್‌ಬಾಲ್ ತಂಡದ ಸಮವಸ್ತ್ರ ಒಮ್ಮೆ ಅಪ್ಪನ ಹೆಸರಿಗೆ ಬಂದು, ಅವನು ಅದನ್ನು ನೀಟಾಗಿ ಮಡಚಿ ವಾಪಸು ಮಾಡಿದ್ದ. ಮೂರನೇ ಶೌಚಾಲಯದಲ್ಲಿ ನೀರು ಕಟ್ಟಿಕೊಂಡಿದೆ, ಕೂಡಲೇ ಬರಬೇಕು ಎಂಬ ಸಂದೇಶ ಭೌತಶಾಸ್ತ್ರದ ಪಾಠ ಕೇಳುತ್ತಿದ್ದ ಮಗಳಿಗೆ ಹೋಗಿತ್ತು.

ಏಕೆಂದರೆ ಲೂಪೆ ಆ ಕಾಲೇಜಿನಲ್ಲಿ ಕಸ ಗುಡಿಸಿ ನೆಲ ಒರೆಸುವವನು. ಹತ್ತೊಂಬತ್ತು ವರ್ಷದಿಂದ ಅಲ್ಲಿ ನೆಲ ಒರೆಸುತ್ತಿದ್ದಾನೆ, ಹನ್ನೊಂದು ವರ್ಷದಿಂದ ಅಲ್ಲೇ ಓದುತ್ತಿದ್ದಾನೆ. ಬೋರ್ಡು ಒರೆಸುವ ಮುಂಚೆ ಅದರ ಮೇಲಿದ್ದದ್ದನ್ನು ಓದುವ ಚಟದಿಂದ ಇದೆಲ್ಲ ಅಂಟಿಕೊಂಡಿತು. ರೋಮನ್ ಸಾಮ್ರಾಜ್ಯ ಬಿದ್ದುಹೋದದ್ದಕ್ಕೆ ಐದು ಕಾರಣಗಳು ಎಂದು ಒಂದು ದಿನ ಯಾರೋ ಬರೆದಿದ್ದರು. ಬೋರ್ಡಿನ ಮೇಲೆ ಉಳಿದಿದ್ದವು ಮೂರೇ. ಮಿಕ್ಕ ಎರಡು ಏನೆಂದು ತಿಳಿಯಲು ಅವನು ತರಗತಿಗೆ ಸೇರಿದ.

ಅದು ಎರಡು ವರ್ಷದ ಕಾಲೇಜು. ಅರ್ಧ ಓದು ಅಲ್ಲಿ ಮುಗಿಸಿ, ಉಳಿದರ್ಧಕ್ಕೆ ನಲವತ್ತು ಮೈಲಿ ಆಚೆಯ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬೇಕು. ಪದವಿ ಸಿಗುವುದು ಅಲ್ಲಿ. ಪದವಿ ಸಿಕ್ಕರೆ ಲೂಪೆ ಶಾಲೆಯ ಮೇಷ್ಟ್ರಾಗಬಹುದು. ಬೋರ್ಡು ಒರೆಸುವವನಿಗೆ ಬೋರ್ಡಿನ ಮೇಲೆ ಬರೆಯುವ ಆಸೆ. ಅದಕ್ಕಿಂತ ದೊಡ್ಡ ಆಸೆಯನ್ನು ಅವನು ಯಾವತ್ತೂ ಇಟ್ಟುಕೊಂಡವನಲ್ಲ. ಕೆಲಸ ಮುಗಿಸಿ ಒಂದೊಂದೇ ವಿಷಯ ಓದುತ್ತ, ಎರಡು ವರ್ಷದ ದಾರಿಯನ್ನು ಹನ್ನೊಂದು ವರ್ಷ ನಡೆದಿದ್ದ. ಉಳಿದದ್ದು ಒಂದೇ ಒಂದು ವಿಷಯ: ಸಂಖ್ಯಾಶಾಸ್ತ್ರ.

ಸಂಖ್ಯಾಶಾಸ್ತ್ರದಲ್ಲಿ ಅವನು ಎರಡು ಸಲ ಫೇಲಾಗಿದ್ದ. ಒಂದು ವಿಷಯಕ್ಕೆ ಮೂರು ಸಲ ಮಾತ್ರ ಕೂರಬಹುದೆಂದು ಕಾಲೇಜಿನ ಕಟ್ಟಳೆ. ಮೂರನೆಯ ಸಲಕ್ಕೆ ಲುಪೀತಾ ಸೊಂಟ ಕಟ್ಟಿ ನಿಂತಳು. ಸಂಜೆ ಅಡಿಗೆಮನೆಯ ಮೇಜಿನ ಮೇಲೆ ದಪ್ಪ ಪುಸ್ತಕ ಹರಡಿ ಪಾಠ ಹೇಳಿದಳು.

“ನೋಡಪ್ಪಾ, ನನ್ನ ಅಂಕನೇ ತಗೋ. ಎ ಅಂದ್ರೆ ನಾಲ್ಕು, ಬಿ ಮೂರು, ಸಿ ಎರಡು. ಒಂದೊಂದು ವಿಷಯಕ್ಕೂ ಇಷ್ಟಿಷ್ಟು ಯೂನಿಟ್. ನಂದು ನಲವತ್ತೈದು ಯೂನಿಟ್, ಎಲ್ಲಾ ಎ. ನನ್ನ ಸರಾಸರಿ ಎಷ್ಟು?”

ಲೂಪೆ ಎರಡು ಹಾಳೆ ಲೆಕ್ಕ ಹಾಕಿ, ಅರ್ಧ ಗಂಟೆಯ ಮೇಲೆ “ನಾಲ್ಕಾ?” ಎಂದು ಕೇಳಿದ.

ಸರಾಸರಿಯಿಂದ ಒಂದೊಂದು ಎಷ್ಟು ಆಚೀಚೆ ಸರಿಯುತ್ತದೆ ಎಂಬ ಪಾಠಕ್ಕೆ ಅವಳು ಅಮ್ಮ ಅಂಪಾರೋ ಮಾಡಿಟ್ಟ ತೋರ್ತಿಯಾ ರೊಟ್ಟಿಗಳನ್ನೇ ಸಾಲಾಗಿ ಜೋಡಿಸಿ ಸ್ಕೇಲು ಹಿಡಿದಳು. “ಅಮ್ಮ ಎಲ್ಲಾನೂ ಒಂದೇ ಅಳತೆ ಅಂತ ಮಾಡ್ತಾಳೆ. ಯಾವುದೂ ಒಂದೇ ಅಳತೆ ಇಲ್ಲ, ನೋಡು.” ಅಂದು ರಾತ್ರಿ ಊಟಕ್ಕೆ ಅಂಪಾರೋ ಇಬ್ಬರಿಗೂ ಅಂಗಡಿಯ ಬ್ರೆಡ್ಡು ಕೊಟ್ಟಳು.

ಮೇ ತಿಂಗಳಲ್ಲಿ ಪರೀಕ್ಷೆ ಆಯಿತು. ಕೊನೆಯ ಎರಡು ಪ್ರಶ್ನೆ ಹಾಗೇ ಬಿಟ್ಟು ಲೂಪೆ ಎದ್ದು ಬಂದ. ಫಲಿತಾಂಶ ನೋಡಲಿಲ್ಲ. ಮೂರನೆಯ ಸಲವೂ ಫೇಲೆಂದು ಕಣ್ಣಾರೆ ಕಂಡರೆ ದಾರಿ ಮುಚ್ಚಿದಂತೆ. ಕಾಣದಿದ್ದರೆ ಇನ್ನೂ ಒಂದು ಗೇಣು ತೆರೆದಿದೆ ಎಂದು ಇಟ್ಟುಕೊಳ್ಳಬಹುದು. ಮಗಳು ಕೇಳಿದಾಗ “ಇನ್ನೂ ಬಂದಿಲ್ಲ ಪುಟ್ಟಿ” ಎಂದ. ಜೂನ್‌ನಲ್ಲೂ ಹಾಗೆಂದ, ಆಗಸ್ಟ್‌ನಲ್ಲೂ ಹಾಗೆಂದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಫೇಲಾಗಿದ್ದೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಆದರೂ ಅವನಿಗೆ ಗೊತ್ತಿತ್ತು.

ನವೆಂಬರ್ ಮೂವತ್ತು ಟ್ರಾನ್ಸ್‌ಫರ್ ಅರ್ಜಿಗೆ ಕಡೆಯ ದಿನ. ಬೆಳಿಗ್ಗೆ ಕಿತ್ತಳೆ ತೋಟಗಳ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಲೂಪೆ ತನ್ನ ಗಾಡಿಯ ಮೂತಿಯೂ ಕಾಣದೆ ಅಂದಾಜಿನಲ್ಲಿ ಓಡಿಸಿಕೊಂಡು ಬಂದ. ಕಾಲೇಜಿಗೆ ಬಂದರೆ ಟ್ರಾನ್ಸ್‌ಫರ್ ಸಲಹೆಗಾರ್ತಿ ಮಾಯ್ ವ್ಯಾಂಗ್ ಹೇಳಿಕಳಿಸಿದ್ದರು. ಇವತ್ತು ಬಾಯಿಬಿಟ್ಟು ಸೋಲು ಒಪ್ಪಿಕೊಂಡುಬಿಡೋಣ ಎಂದು ಅವನು ಟೋಪಿ ಕೈಯಲ್ಲಿ ಹಿಡಿದು ಹೋದ.

“ಬನ್ನಿ ಬನ್ನಿ, ಮಿಸ್ಟರ್ ಓಲ್ಮೋಸ್,” ಎಂದರು ವ್ಯಾಂಗ್. “ಎಲ್ಲಾ ಮುಗಿಸಿಬಿಟ್ಟಿದೀರಿ, ಒಂದು ಮಾತೂ ಹೇಳಿಲ್ಲ. ಇಷ್ಟು ದಿನ ಯಾತಕ್ಕೆ ಕಾದ್ರಿ? ಈ ಗುಂಡಿ ಒಂದು ಒತ್ತಿ, ಅರ್ಜಿ ಹೋಯ್ತು. ಸೀಟು ಖಚಿತ.”

“ಸಂಖ್ಯಾಶಾಸ್ತ್ರ ಇದೆಯಲ್ಲ ಮೇಡಂ.”

“ಅದೂ ಆಗಿದೆ. ಸಿ ಬಂದಿದೆ. ಸಿ ಸಾಕು.”

ಅವರು ಪರದೆ ಅವನ ಕಡೆ ತಿರುಗಿಸಿದರು. ‘ಓಲ್ಮೋಸ್, ಗ್ವಾದಲೂಪೆ. ಸಂಖ್ಯಾಶಾಸ್ತ್ರ, ನಾಲ್ಕು ಯೂನಿಟ್, ಸಿ.’ ಲೂಪೆ ಅದನ್ನು ಬಹಳ ಹೊತ್ತು ನೋಡಿದ. ಸಂತೋಷ ಬಂದದ್ದು ಒಂದು ಕ್ಷಣ. ಹಿಂದೆಯೇ ಬುದ್ಧಿ ಬಂತು. ಇದು ತನ್ನದಾಗಿರಲು ಸಾಧ್ಯವಿಲ್ಲ. ತನ್ನದಲ್ಲವಾದರೆ ಇನ್ನೊಬ್ಬಳದು. ಆ ದಪ್ಪ ಪುಸ್ತಕ ಇಡೀ ವಸಂತದಲ್ಲಿ ಲುಪೀತಾಳ ಚೀಲದಲ್ಲೇ ಇತ್ತಲ್ಲ. ಅವಳೂ ಅದೇ ವಿಷಯವನ್ನು ಹಗಲಿನ ತರಗತಿಯಲ್ಲಿ ತೆಗೆದುಕೊಂಡಿದ್ದಾಳೆ, ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಹೇಗೆ ಹೇಳಿಕೊಡುತ್ತಿದ್ದಳು? ಎ ಬಿಟ್ಟು ಬೇರೆ ಅಕ್ಷರ ಕಾಣದ ಹುಡುಗಿಗೆ ಸಿ ಬಂದಿದೆ. ತನಗೆ ಪಾಠ ಹೇಳುತ್ತ ಹೇಳುತ್ತ ತನ್ನ ಓದು ಕೆಡಿಸಿಕೊಂಡಿದ್ದಾಳೆ. ಅಪ್ಪನಿಗೆ ನೋವಾದೀತೆಂದು ಮುಚ್ಚಿಟ್ಟಿದ್ದಾಳೆ. ಲೂಪೆ ಪರದೆಯನ್ನು ಮತ್ತೆ ವ್ಯಾಂಗ್ ಕಡೆಗೇ ತಿರುಗಿಸಿದ.

“ಇದು ನಂದಲ್ಲ ಮೇಡಂ. ನನ್ನ ಮಗಳದ್ದು. ಕಡತ ಮತ್ತೆ ಅದಲುಬದಲಾಗಿದೆ.”

ವ್ಯಾಂಗ್ ಕನ್ನಡಕ ತೆಗೆದರು. “ಅವಳನ್ನೊಂದು ಮಾತು ಕೇಳ್ಬಾರ್ದಾ?”

“ಬೇಡ. ಅವಳಾಗಿ ಮುಚ್ಚಿಟ್ಟಿದ್ದನ್ನ ನಾನು ಕೆದಕಬಾರ್ದು. ಆಮೇಲೆ ನಂದು ಏನಾಯ್ತು ಅಂತ ಅವಳು ಕೇಳ್ತಾಳೆ.”

“ನಿಮ್ಮಿಷ್ಟ. ಆದ್ರೆ ಗೊತ್ತಿರ್ಲಿ, ಈ ಸಿ ನಿಮ್ಮದಲ್ಲ ಅಂತಾದ್ರೆ ಅರ್ಜಿ ಕಳಿಸೋಕಾಗಲ್ಲ. ಕಡತ ಸರಿಮಾಡೋರು ದಾಖಲೆ ಕಚೇರಿಯೋರು. ನಾನು ಐದು ಗಂಟೆವರೆಗೂ ಇರ್ತೀನಿ. ಯೋಚನೆ ಮಾಡಿ ಬನ್ನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಕೊಡಲು ತಯಾರಿದ್ದ. ಭಕ್ತನೇ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಪೊರಕೆ ಬಕೆಟ್ಟು ಇಡುವ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡುವ ನಾಚೋ ಸಿಕ್ಕಿದ. ಲುಪೀತಾಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು, ಆದ್ದರಿಂದ ಲೂಪೆಗೆ ಕಂಪಾದ್ರೆ. ಅಂದರೆ ಅಣ್ಣತಮ್ಮಂದಿರಿಗಿಂತ ಒಂದು ಕೈ ಹೆಚ್ಚು, ತಲೆ ಹಾಕುವ ಹಕ್ಕೂ ಅಷ್ಟೇ ಹೆಚ್ಚು. ಅವನು ಕತೆಯನ್ನೆಲ್ಲ ಕೇಳಿ ಮುಗಿಸಿದ.

“ಬಾಯಿ ಮುಚ್ಕೊಂಡು ಹೋಗಿ ಗುಂಡಿ ಒತ್ತು, ಕಂಪಾದ್ರೆ.”

“ಅದು ಹುಡುಗೀದು ಕಣೋ. ಅವಳ ಕಡತದಲ್ಲಿ ಇಲ್ದೆ ಹೋದ್ರೆ ಅವಳ ಸೀಟು ನಿಲ್ಲತ್ತೆ. ಅವಳೂ ಇವತ್ತೇ ಅರ್ಜಿ ಹಾಕಿದಾಳೆ, ಇಂಜಿನಿಯರಿಂಗ್‌ಗೆ.”

“ಮಷಿನ್ನು ತಾನಾಗೇ ಕೊಟ್ಟಿದ್ದನ್ನ ಬೇಡ ಅನ್ನೋನು ಈ ಲೋಕದಲ್ಲಿ ನೀನೊಬ್ನೇ. ಹೋದ ವಾರ ಆ ಕಾಸು ಹಾಕಿದ್ರೆ ಚಿಪ್ಸ್ ಕೊಡೋ ಮಷಿನ್ನು ಒಂದರ ಬದ್ಲು ಎರಡು ಪ್ಯಾಕೆಟ್ ಉದುರಿಸ್ತಲ್ಲ, ಹಿಂದಕ್ಕೆ ತುರುಕಿದ್ಯಾ?”

“ತುರುಕೋಕೆ ನೋಡ್ದೆ. ಹೋಗ್ಲಿಲ್ಲ.”

ಇವನು ಹೇಳಿದ ಮಾತು ಕೇಳುವವನಲ್ಲ ಎಂದು ನಾಚೋಗೆ ಅರ್ಥವಾಯಿತು. ಹಾಗಾದರೆ ಸಹಾಯವನ್ನಾದರೂ ಮಾಡೋಣ ಎಂದು ಕೈ ಒರೆಸಿಕೊಂಡು ಜೊತೆಗೆ ಹೊರಟ. ಅನಾಹುತಕ್ಕೆ ಇಷ್ಟು ಸಾಕಾಗಿತ್ತು.

ದಾಖಲೆ ಕಚೇರಿಯ ಕಿಟಕಿಯಲ್ಲಿ ಪೆಟ್ರೋಸಿಯನ್ ಕೂರುತ್ತಾರೆ. ಮೂವತ್ತೊಂದು ವರ್ಷದಿಂದ ಅದೇ ಕಿಟಕಿ, ಅದೇ ಬೂದು ಸ್ವೆಟರು. ಅವರು ಲೂಪೆಯ ಮಾತನ್ನು ಎರಡು ಸಲ ಹೇಳಿಸಿಕೊಂಡರು.

“ಅಂಕ ಬೇಕು ಅಂತ ಜಗಳ ಆಡೋರು ದಿನಾ ಬರ್ತಾರೆ. ಬೇಡ ಅಂತ ಬಂದೋರು ನೀವೇ ಮೊದಲು. ಅದಕ್ಕೆ ಫಾರಂ ಇಲ್ಲ.”

“ಫಾರಂ ಇಲ್ದೇನೇ ತೆಗೀರಿ ಸಾಹೇಬ್ರೆ.”

“ಇದು ನಿಮ್ಮ ನಂಬರಿನಲ್ಲಿದೆ. ನಂಬರು ತಪ್ಪಲ್ಲ.”

“ಹೆಂಗಸರ ಫುಟ್‌ಬಾಲ್ ತಂಡದ ಬಟ್ಟೆನೂ ನನ್ನ ನಂಬರಿಗೇ ಬಂದಿತ್ತು.”

ಪೆಟ್ರೋಸಿಯನ್ ಪರದೆಯ ಕಡೆ ತಿರುಗಿದರು. ಆ ಬಟ್ಟೆ ಕಳಿಸಿದ್ದು ಅವರೇ. ಸ್ವಲ್ಪ ಹೊತ್ತು ಕೀಲಿಗಳನ್ನು ಕುಟ್ಟಿ, ಇನ್ನೊಂದು ಕಡತ ತೆರೆದು ನೋಡಿ, ಹುಬ್ಬು ಗಂಟಿಕ್ಕಿದರು.

“ನಿಮ್ಮ ಮಗಳ ಕಡತದಲ್ಲಿ ಸಂಖ್ಯಾಶಾಸ್ತ್ರನೇ ಇಲ್ಲ.”

“ನೋಡಿದ್ರಾ? ಎಲ್ಲಿಂದ ಇರತ್ತೆ, ಅದು ನನ್ನಲ್ಲಿಗೆ ಬಂದು ಕೂತಿದೆಯಲ್ಲ.”

“ಹಾಗಾದ್ರೆ ನೀವು ಫೇಲಾದ ಎಫ್ ಎಲ್ಲಿ?”

ಲೂಪೆ ಯೋಚಿಸಿದ. “ಎಲ್ಲೋ ಬಿದ್ದೋಗಿರ್ಬೇಕು ಸಾಹೇಬ್ರೆ. ಎಫ್‌ನ ಯಾರು ಜೋಪಾನ ಮಾಡ್ತಾರೆ?”

ಈ ತರ್ಕದಲ್ಲಿ ಎಲ್ಲೋ ಒಂದು ತೂತು ಇದೆ ಎಂದು ಪೆಟ್ರೋಸಿಯನ್‌ಗೆ ಅನ್ನಿಸಿತು. ಆದರೆ ಅವರ ಹಿಂದೆ ಗೋಡೆಯ ಪಕ್ಕ ಆರು ನೂರು ಅರ್ಜಿಗಳ ಕಟ್ಟು ಕಾಯುತ್ತಿತ್ತು. “ಬರಹದಲ್ಲಿ ಹೇಳಿಕೆ ಬೇಕು. ಪಾಠ ಮಾಡಿದ ಪ್ರೊಫೆಸರ್ ಮಾತೂ ಬೇಕು. ಇನ್ನೊಂದು ವಿಷಯ ಕೇಳಿ. ನೀವು ಬೇಡ ಅಂದು, ನಾಳೆ ಮಗಳೂ ನಂದಲ್ಲ ಅಂದ್ರೆ ಅದು ಯಾರದ್ದೂ ಅಲ್ಲದ ಅಂಕ ಆಗತ್ತೆ. ಫೆಬ್ರವರೀಲಿ ಸಮಿತಿ ಕೂರೋವರೆಗೂ ಅದನ್ನ ಯಾರೂ ಮುಟ್ಟೋ ಹಾಗಿಲ್ಲ.”

“ಅವಳು ಹಾಗನ್ನಲ್ಲ,” ಎಂದ ಲೂಪೆ.

ಹೇಳಿಕೆ ಬರೆದವನು ನಾಚೋ. ಕೆಲಸಗಾರರ ಸಂಘದ ಅರ್ಜಿಗಳನ್ನು ಬರೆದು ಪಳಗಿದ ಕೈ. ಇಪ್ಪತ್ತು ನಿಮಿಷ ನಾಲಗೆ ಕಚ್ಚಿಕೊಂಡು ಬರೆದು ಕಿಟಕಿಯೊಳಗೆ ತೂರಿದ. ಪೆಟ್ರೋಸಿಯನ್ ಗಟ್ಟಿಯಾಗಿ ಓದಿದರು: “ಗ್ವಾದಲೂಪೆ ಓಲ್ಮೋಸ್ ಆದ ನಾನು ಗ್ವಾದಲೂಪೆ ಓಲ್ಮೋಸ್ ಅಲ್ಲವೆಂದು ಈ ಮೂಲಕ ಪ್ರಮಾಣ ಮಾಡುತ್ತೇನೆ.”

ಅವರು ಕಾಗದ ಕೆಳಗಿಟ್ಟರು. “ಇದಕ್ಕೆ ಸಹಿ ಯಾರು ಹಾಕೋದು?”

ಸರಿಯಾದ ಹೇಳಿಕೆಯನ್ನು ಬೇರೆ ಬರೆಯಲು ಲೂಪೆ ಕುಳಿತ. ಅಷ್ಟರಲ್ಲಿ ಮನಸ್ಸಿಗೆ ಬೇಜಾರಾದ ನಾಚೋ ಕಾಫಿ ಕುಡಿಯಲು ಕ್ಯಾಂಟೀನಿಗೆ ಹೋದ. ಕಾಫಿ ಕುಡಿಯುವವನು ಸುಮ್ಮನೆ ಕುಡಿಯಬೇಕಲ್ಲವೇ? ಹನ್ನೆರಡು ಗಂಟೆಗೆ, ಲೂಪೆ ಮಗಳ ಅಂಕ ವಾಪಸು ಕೊಡುತ್ತಿದ್ದಾನಂತೆ ಎಂಬ ಮಾತು ಕ್ಯಾಂಟೀನಿನಿಂದ ಹೊರಟಿತು. ಹನ್ನೆರಡೂವರೆಗೆ ತೋಟಗಾರರ ಹತ್ತಿರ ಬರುವಾಗ ಲೂಪೆ ಮಗಳ ಅಂಕ ಕದ್ದಿದ್ದನಂತೆ ಎಂದಾಗಿತ್ತು. ಒಂದು ಗಂಟೆಗೆ ಮತ್ತೆ ಕ್ಯಾಂಟೀನಿಗೆ ಹಿಂದಿರುಗಿದಾಗ ಅದಕ್ಕೆ ಕೈಕಾಲು ಬಂದಿದ್ದವು: ಅಪ್ಪನ ಪರೀಕ್ಷೆ ಮಗಳು ಕೂತು ಬರೆದಳಂತೆ.

ಅಡಿಗೆಯ ದೋನ್ಯಾ ಚೇಲೋ ಲೂಪೆಯನ್ನು ಮೂಲೆಯ ಮೇಜಿಗೆ ಕರೆದು ಬೀನ್ಸ್ ಕಾಳು ಅನ್ನದ ತಟ್ಟೆ ಇಟ್ಟರು. ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹಿರಿಯ ಹೆಂಗಸು, ದೋನ್ಯಾ ಎಂಬ ಗೌರವ ಅದಕ್ಕೇ; ಅವರು ದನಿ ತಗ್ಗಿಸಿದರೆ ನಾಲ್ಕು ಮೇಜಿನವರು ಕಿವಿ ನಿಮಿರಿಸುತ್ತಾರೆ.

“ಲೂಪೆ, ನಾನು ನಂಬಲ್ಲ ಕಣಪ್ಪ. ಆದ್ರೆ ಜನ ಆಡ್ತ ಇದಾರೆ. ಒಬ್ಬರ ಪರೀಕ್ಷೆ ಇನ್ನೊಬ್ಬರು ಬರೆದ್ರೆ ಇಬ್ಬರನ್ನೂ ಕಾಲೇಜಿನಿಂದ ತೆಗೆದುಹಾಕ್ತಾರಂತೆ, ಹೌದಾ?”

ಲೂಪೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಇಷ್ಟು ಹೊತ್ತು ಹೋಗುತ್ತಿದ್ದದ್ದು ತನ್ನ ಸೀಟು. ಈಗ ಮಗಳ ಹೆಸರಿಗೇ ಮಸಿ ಬರುತ್ತಿದೆ. ಅವಳು ಈ ಹೊತ್ತಿಗೆ ತರಗತಿಯ ಜೊತೆ ಕಾಲುವೆಯ ದಂಡೆಯ ಮೇಲೆ, ಮಂಜಿನಲ್ಲಿ, ಭೂಮಿ ಅಳೆಯುವ ಮುಕ್ಕಾಲಿಯ ಹಿಂದೆ ನಿಂತಿರುತ್ತಾಳೆ. ಅವಳು ಹಿಂತಿರುಗುವ ಮೊದಲೇ ಇದನ್ನು ಮುಗಿಸಿಬಿಡಬೇಕು.

“ದೋನ್ಯಾ ಚೇಲೋ, ನನ್ನ ಮಗಳು ಅಂಥ ಹುಡುಗಿ ಅಲ್ಲ.”

“ನಾನೂ ಅದನ್ನೇ ಹೇಳ್ದೆ. ಎಲ್ರಿಗೂ ಹೇಳ್ದೆ,” ಎಂದರು ದೋನ್ಯಾ ಚೇಲೋ. ಎಲ್ಲರಿಗೂ ಹೇಳಿದ್ದರಿಂದಲೇ, ಇನ್ನೂ ಕೇಳದಿದ್ದವರಿಗೂ ವಿಷಯ ತಲುಪಿತ್ತು.

ಸಂಖ್ಯಾಶಾಸ್ತ್ರದ ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಮೂರು ಕಾಲೇಜುಗಳಲ್ಲಿ ಪಾಠ ಮಾಡುವವರು. ಅವರಿಗೆ ಎಲ್ಲೂ ಕೋಣೆ ಇಲ್ಲ, ಕಾರೇ ಕೋಣೆ. ಲೂಪೆ ಗಣಿತ ವಿಭಾಗಕ್ಕೆ ಹೋಗಿ ಅಲ್ಲಿಂದ ನಂಬರು ತಂದು, ಪೆಟ್ರೋಸಿಯನ್‌ಗೂ ಕೇಳಿಸುವಂತೆ ಕಿಟಕಿಯಲ್ಲೇ ತನ್ನ ಫೋನು ಹಚ್ಚಿದ. ತನ್ನ ದನಿ ಅವರಿಗೆ ಗುರುತು ಸಿಗುವ ಸಂಭವವೇನೂ ಇರಲಿಲ್ಲ. ನಲವತ್ತೆಂಟು ಜನರ ಸಂಜೆ ತರಗತಿಯಲ್ಲಿ ಅವನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಟೋಪಿ ಹಣೆಗೆಳೆದು ಕೂತವನು. ಹಾಜರಿ ಹಾಳೆಗೆ ಸಹಿ ಹಾಕಿದ್ದು ಬಿಟ್ಟರೆ ಬಾಯಿ ತೆರೆದದ್ದಿಲ್ಲ.

“ಓಲ್ಮೋಸ್? ಗ್ವಾದಲೂಪೆ ಓಲ್ಮೋಸ್?” ಫೋನಿನಲ್ಲಿ ಗಾಡಿಗಳ ಸದ್ದು ಜೋರಾಗಿತ್ತು. “ಹೂಂ, ಹೂಂ, ಆ ಹುಡುಗಿ. ಪಾಸು ಮಾಡಿದೀನಲ್ಲ.”

ಲೂಪೆ ಪೆಟ್ರೋಸಿಯನ್ ಮುಖ ನೋಡಿದ. ಪೆಟ್ರೋಸಿಯನ್ ಲೂಪೆಯ ಮೀಸೆ ನೋಡಿದರು.

“ಹುಡುಗಿ ಅಂದ್ರಾ, ಪ್ರೊಫೆಸರೇ?” ಎಂದು ಪೆಟ್ರೋಸಿಯನ್ ಕೇಳಿದರು.

“ಹುಡುಗಿನೇ. ಮುಖ ನೆನಪಿಲ್ಲ, ಆದ್ರೆ ಉತ್ತರಪತ್ರಿಕೆ ಮರೆಯೋ ಹಾಗಿಲ್ಲ. ಕೊನೆಗೆರಡು ಪ್ರಶ್ನೆ ಬಿಟ್ಟಿದ್ಲು, ಪಾಪ. ಆದ್ರೆ ಒಂದು ಉದಾಹರಣೆ ಬರೆದಿದ್ಲು ನೋಡಿ, ಮನೇಲಿ ನನ್ನ ಹೆಂಡ್ತಿಗೂ ಓದಿ ಹೇಳಿದೀನಿ. ಏನಂದ್ರೆ...”

ಮಂಜಿನಲ್ಲಿ ಎಲ್ಲೋ ಲೈನು ಹರಿದುಹೋಯಿತು. ಮತ್ತೆ ಹಚ್ಚಿದರೆ ಸಿಗಲಿಲ್ಲ.

ಅವಳೂ ಎರಡು ಪ್ರಶ್ನೆ ಬಿಟ್ಟಿದ್ದಾಳೆ ಎಂದು ಕೇಳಿ ಲೂಪೆಗೆ ಸಂಕಟವಾಯಿತು. ತಾನು ಬಿಟ್ಟದ್ದೇನೋ ಗೊತ್ತಿಲ್ಲದೆ. ಅವಳು ದಣಿದು ಬಿಟ್ಟಿರಬೇಕು.

“ಹುಡುಗಿ ಅಂದ್ರು. ದಾಖಲೆಗೆ ಅಷ್ಟು ಸಾಕು,” ಎಂದರು ಪೆಟ್ರೋಸಿಯನ್. “ಸಹಿ ಹಾಕಿ. ಸಿ ಮಗಳ ಕಡತಕ್ಕೆ ಹೋಗತ್ತೆ. ನಿಮ್ಮ ಜಾಗ ಖಾಲಿ ಬಿಡೋ ಹಾಗಿಲ್ಲ. ಫೇಲು ಅಂತ ಬರ್ಕೊಳ್ಳಲಾ?”

“ಬರ್ಕೊಳ್ಳಿ.”

“ಮೂರನೇ ಸಲ. ಗೊತ್ತು ತಾನೆ?”

“ಗೊತ್ತು ಸಾಹೇಬ್ರೆ.”

ಮೂರೂ ಹತ್ತಕ್ಕೆ ಲೂಪೆ ಸಹಿ ಹಾಕಿದ. ಹನ್ನೊಂದು ವರ್ಷದ ದಾರಿ ಆ ಕಿಟಕಿಯ ಹಲಗೆಯ ಮೇಲೆ ಮುಗಿಯಿತು. ಅವನಿಗೆ ಅಳು ಬರಲಿಲ್ಲ. ಮಗಳದ್ದು ಮಗಳಿಗೆ ಸೇರಿತು ಎಂಬ ಒಂದು ನೆಮ್ಮದಿ ಎದೆಯಲ್ಲಿ ಕೂತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಪೆಟ್ರೋಸಿಯನ್ ಕಿಟಕಿಯಿಂದ ಕೈ ಹೊರಗೆ ಚಾಚಿ ಒಬ್ಬನ ಕೈ ಕುಲುಕಿದರು.

ವ್ಯಾಂಗ್ ವಿಷಯ ಕೇಳಿ ಪರದೆ ಆರಿಸಿದರು. “ಹನ್ನೆರಡು ವರ್ಷದಿಂದ ಈ ಕುರ್ಚಿಯಲ್ಲಿದೀನಿ. ನಿಮ್ಮಂಥೋರನ್ನ ನೋಡಿಲ್ಲ,” ಎಂದರು. ಅದು ಹೊಗಳಿಕೆ ಎಂದು ಆಗ ಇಬ್ಬರೂ ತಿಳಿದರು. ಕ್ಯಾಂಟೀನಿನಲ್ಲಿ ಸುದ್ದಿ ಮತ್ತೆ ತಿರುಗಿ, ಲೂಪೆ ಸಂತನಾಗಿದ್ದ. ತೋಟಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಚೋ ಕಣ್ಣೊರೆಸಿಕೊಂಡು, “ನಾನೇ ಹೇಳಿದ್ದು ಹೀಗೆ ಮಾಡು ಅಂತ,” ಎಂದ. ಐದು ಗಂಟೆ ಹೊಡೆಯಿತು. ಲೂಪೆ ಹದಿನಾಲ್ಕನೇ ಕೋಣೆಯ ಬೋರ್ಡು ಒರೆಸಿ, ಅಂದು ಮಾತ್ರ ಓದದೆ ಒರೆಸಿ, ಮನೆಗೆ ಹೋದ.

ಮನೆಯಲ್ಲಿ ಅಂಪಾರೋ ಹೆಂಚಿನ ಮುಂದೆ ನಿಂತಿದ್ದಳು. ಲುಪೀತಾ ಕೆಸರಿನ ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟು ಕೈ ತೊಳೆಯುತ್ತಿದ್ದಳು. ಲೂಪೆ ಕುರ್ಚಿ ಎಳೆದು ಕೂತು ಗಂಟಲು ಸರಿಮಾಡಿಕೊಂಡ.

“ಪುಟ್ಟಿ, ನಾನು ಬಯ್ಯಲ್ಲ. ನಂಗೆಲ್ಲಾ ಗೊತ್ತಾಗಿದೆ.”

“ಏನು ಗೊತ್ತಾಗಿದೆ?”

“ಸಂಖ್ಯಾಶಾಸ್ತ್ರದಲ್ಲಿ ನಿಂಗೆ ಸಿ ಬಂದಿದ್ದು. ಮುಚ್ಚಿಡೋ ಅಗತ್ಯ ಇರ್ಲಿಲ್ಲ. ತಪ್ಪು ನಂದು, ದಿನಾ ನಿನ್ನ ಹೊತ್ತು ತಿಂದೆ. ಅದು ನನ್ನ ಕಡತಕ್ಕೆ ಬಂದಿತ್ತು. ಇವತ್ತು ಸಹಿ ಹಾಕಿ ನಿಂದು ನಿಂಗೆ ಕೊಡಿಸಿದೀನಿ.”

ಲುಪೀತಾ ಒದ್ದೆ ಕೈಯಲ್ಲೇ ನಿಂತಳು.

“ಅಪ್ಪಾ, ನಾನು ಸಂಖ್ಯಾಶಾಸ್ತ್ರ ತಗೊಂಡೇ ಇಲ್ಲ.”

“ಆ ಪುಸ್ತಕ?”

“ಅದು ನಿನ್ನ ಪುಸ್ತಕ. ಇಂಜಿನಿಯರಿಂಗ್‌ಗೆ ನಂಗದು ಬೇಕಾಗಿಲ್ಲ. ನಿಂಗೆ ಹೇಳಿಕೊಡೋಕೆ ನಂಗೆ ಬರ್ತಿರ್ಲಿಲ್ಲ. ಅದಕ್ಕೆ ಬಸ್ಸಲ್ಲಿ ಓದ್ಕೊಂಡು ಬಂದು ಸಂಜೆ ಹೇಳಿಕೊಡ್ತಿದ್ದೆ.”

ಹೆಂಚಿನ ಮೇಲೆ ಏನೋ ಸೀದ ವಾಸನೆ ಬಂತು. ಯಾರೂ ತಿರುಗಿ ನೋಡಲಿಲ್ಲ. ಮಗಳು ತಾನು ಕಲಿಯಬೇಕಿಲ್ಲದ ವಿದ್ಯೆಯನ್ನು ಬಸ್ಸಿನ ಕುಲುಕಾಟದಲ್ಲಿ ಕಲಿತು ತಂದು ತನ್ನ ತಟ್ಟೆಗೆ ಬಡಿಸಿದ್ದಾಳೆ. ತಾನು ಅದನ್ನು ಉಂಡು, ಅರಗಿಸಿಕೊಂಡು, ಪಾಸಾಗಿ, ಆಮೇಲೆ ನನ್ನದಲ್ಲ ಎಂದು ಪ್ರಮಾಣ ಮಾಡಿ ಬಂದಿದ್ದೇನೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಕತೆ ಲೋಕದಲ್ಲಿ ಉಂಟು. ಲೂಪೆ ಬಂದ ಎಣ್ಣೆಯನ್ನು ಪಕ್ಕದ ಮನೆಗೆ ಸುರಿದು ಬಂದಿದ್ದ.

ಮೇಜಿನ ಮೇಲಿದ್ದ ಅವನ ಫೋನು ಹೊಡೆಯಿತು. ಪ್ರೊಫೆಸರ್ ಲಿಂಡ್‌ಕ್ವಿಸ್ಟ್. ಲುಪೀತಾ ಎತ್ತಿ ಎಲ್ಲರಿಗೂ ಕೇಳಿಸುವಂತೆ ಇಟ್ಟಳು.

“ಮಧ್ಯಾಹ್ನ ಲೈನ್ ಕಟ್ಟಾಯ್ತು ನೋಡಿ. ಆ ಹುಡುಗಿ ಬರೆದಿದ್ದನ್ನ ಹೇಳದೆ ಇದ್ರೆ ನಂಗೆ ನಿದ್ದೆ ಬರಲ್ಲ. ‘ನನ್ನ ಹೆಂಡತಿ ಹತ್ತು ತೋರ್ತಿಯಾ ಒಂದೇ ಅಳತೆ ಎಂದು ಮಾಡುತ್ತಾಳೆ, ಯಾವುದೂ ಒಂದೇ ಅಳತೆ ಇರುವುದಿಲ್ಲ, ಆದರೂ ಸರಾಸರಿಯಲ್ಲಿ ಅವಳು ಒಳ್ಳೆಯ ಅಡಿಗೆಯವಳು.’ ನನ್ನ ಹೆಂಡತಿ ಅಂತ ಇತ್ತು. ಇರ್ಲಿ, ಈಗಿನ ಕಾಲ, ನಮಗ್ಯಾಕೆ ಅಂತ ನಾನೇನೂ ಅಂದ್ಕೊಳ್ಲಿಲ್ಲ. ಜಾಣೆ ಹುಡುಗಿ. ನನ್ನ ಶುಭಾಶಯ ಹೇಳಿ.”

ಫೋನು ನಿಂತಿತು. ಅಂಪಾರೋ ಸಟ್ಟುಗ ಹಿಡಿದುಕೊಂಡೇ ತಿರುಗಿದಳು. “ಪರೀಕ್ಷೇಲಿ ಬರೆದ್ಯಾ? ನನ್ನ ತೋರ್ತಿಯಾನ?”

ಲೂಪೆ ಟೋಪಿ ಹಣೆಗೆ ಎಳೆದುಕೊಂಡ.

“ನಾಳೆ ಕಿಟಕಿ ತೆಗೆಯೋ ಹೊತ್ತಿಗೆ ಹೋಗಿ ನಂದಲ್ಲ ಅಂತ ಬರೆದುಕೊಡ್ತೀನಿ,” ಎಂದಳು ಲುಪೀತಾ.

“ಆಗ ಅದು ಯಾರದ್ದೂ ಅಲ್ಲದ್ದಾಗತ್ತೆ ಪುಟ್ಟಿ. ಫೆಬ್ರವರೀಲಿ ಸಮಿತಿ ಕೂರ್ಬೇಕು. ಕೂತು ಕೊಟ್ರೂ ಅರ್ಜಿ ಮುಂದಿನ ನವೆಂಬರ್‌ಗೇ.”

“ಬರೆದುಕೊಡದೆ ಇರೋಕೂ ಆಗಲ್ಲ. ಇಂಜಿನಿಯರಿಂಗ್‌ಗೆ ಸರಾಸರಿ ಮೂರು ಪಾಯಿಂಟ್ ಒಂಬತ್ತು ಇರ್ಬೇಕು. ನಿನ್ನ ಸಿ ಬಂದು ಈಗ ನಂದು ಎಷ್ಟಾಗಿದೆಯೋ.” ಅವಳು ತನ್ನ ಫೋನಿನಲ್ಲಿ ಕಡತ ತೆರೆಯಲು ಹೋದಳು. ಪುಟ ಮೆಲ್ಲಗೆ ಸುತ್ತುತ್ತಿತ್ತು.

ಲೂಪೆ ಹೆಂಚಿನ ಕಡೆ ನೋಡುತ್ತ, ತನಗೆ ತಾನೇ ಎಂಬಂತೆ ಹೇಳಿದ: “ನಿಂದೀಗ ಅರವತ್ತು ಯೂನಿಟ್, ನಾಲ್ಕರ ಹಾಗೆ ಇನ್ನೂರ ನಲವತ್ತು. ನಂದು ನಾಲ್ಕು ಯೂನಿಟ್, ಎರಡರ ಹಾಗೆ ಎಂಟು. ಇನ್ನೂರ ನಲವತ್ತೆಂಟನ್ನ ಅರವತ್ನಾಲ್ಕರಿಂದ ಭಾಗಿಸಿದ್ರೆ ಮೂರು ಪಾಯಿಂಟ್ ಎಂಟು ಏಳು ಐದು.”

ಪುಟ ತೆರೆದುಕೊಂಡಿತು. ಲುಪೀತಾ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು. ಫೋನು ಅವನ ಮುಂದೆ ಇಟ್ಟಳು. ಮೂರು ಪಾಯಿಂಟ್ ಎಂಟು ಏಳು ಐದು.

“ಹಾಳೆ ಇಲ್ಲ, ಪೆನ್ಸಿಲ್ ಇಲ್ಲ,” ಎಂದಳು. “ಇಷ್ಟು ಬರೋನು ಫೇಲಾಗಿದೀನಿ ಅಂತ ಹೇಗಪ್ಪಾ ಅಂದ್ಕೊಂಡೆ?”

ಲೂಪೆ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅಂಪಾರೋ ಹೆಂಚಿನಿಂದ ಹತ್ತನೆಯ ತೋರ್ತಿಯಾ ತೆಗೆದು ಅವನ ತಟ್ಟೆಗೆ ಹಾಕಿದಳು. ಅದು ಉಳಿದ ಒಂಬತ್ತಕ್ಕಿಂತ ತೀರ ಸಣ್ಣದಾಗಿತ್ತು.